ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ?

"ಸರ್, ಮಕ್ಕಳು ದಾಸವಾಳದ ಚಿತ್ರ ಚೆನ್ನಾಗಿ ಬಿಡಿಸಿದ್ದಾರೆ. ಭಾಗಗಳ ಹೆಸರು ಬರೆಯೋಕೆ ಹೋದ್ರೆ ಕನ್ನಡ ಬರ್ತಾನೇ ಇಲ್ಲ."

ಫೋನ್ ಮಾಡಿದವರು ನಮ್ಮ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನದ ಮೇಷ್ಟ್ರು. ಆ ಶಾಲೆಯ ಲ್ಯಾಬ್‌ನಲ್ಲಿರುವ 12 ಹಳೆಯ ಕಂಪ್ಯೂಟರುಗಳಿಗೆ ಉಬುಂಟು ಹಾಕಿ, ಕನ್ನಡ ಕೀಲಿಮಣೆ ಹೊಂದಿಸಿಕೊಟ್ಟವನು ನಾನು. ಹಾಗಾಗಿ ಏನೇ ಕೆಟ್ಟರೂ ಕರೆ ನನಗೇ ಬರುತ್ತದೆ, ಬರಲೂ ಬೇಕು. ಶನಿವಾರದ ಬೆಳಗಿನ ಶಾಲೆ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ನನ್ನೆದುರೇ ಟೈಪ್ ಮಾಡಿ ತೋರಿಸಿದಳು. ಟೆಕ್ಸ್ಟ್ ಎಡಿಟರಿನಲ್ಲಿ ‘ಶಲಾಕೆ’ ಎಂಬ ಪದ ಸರಾಗವಾಗಿ ಮೂಡಿತು. ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ ಒತ್ತಿದರೆ ಐದು ಇಂಗ್ಲಿಷ್ ಅಕ್ಷರ. ಪರದೆಯ ಮೇಲಿನ ಪಟ್ಟಿ ಮಾತ್ರ ಕನ್ನಡವೇ ಆಯ್ಕೆಯಾಗಿದೆ ಎಂದು ತೋರಿಸುತ್ತಿತ್ತು.

"ಇದನ್ನ ಎಲ್ಲಿಂದ ಹಾಕಿದ್ರಿ ಮೇಷ್ಟ್ರೇ?"

"ನೆಟ್‌ನಿಂದ ಇಳಿಸ್ಕೊಂಡೆ ಸರ್. ಒಂದೇ ಫೈಲು, ಇನ್‌ಸ್ಟಾಲ್ ಮಾಡೋದೂ ಬೇಡ. ಪೆನ್‌ಡ್ರೈವ್‌ನಲ್ಲಿ ತಂದು ಹನ್ನೆರಡಕ್ಕೂ ಹಾಕ್ದೆ."

ಅದು ಆ್ಯಪ್‌ಇಮೇಜ್. ಒಂದು ಪ್ರೋಗ್ರಾಂ ನಡೆಯಲು ಬೇಕಾದ ಸಾಮಾನನ್ನೆಲ್ಲ ಒಂದೇ ಕಡತದಲ್ಲಿ ಒತ್ತಿ ಮಡಚಿಟ್ಟ ಗಂಟು. ಟರ್ಮಿನಲ್‌ನಲ್ಲಿ ಒಂದು ಆದೇಶ ಕೊಟ್ಟರೆ ಗಂಟು ಬಿಚ್ಚಿಕೊಂಡು ಮಾಮೂಲಿ ಫೋಲ್ಡರ್ ಆಗುತ್ತದೆ. ಬಿಚ್ಚಿ ಒಳಗೆ ಹುಡುಕಿದೆ. ಪ್ರೋಗ್ರಾಂ ತಯಾರಾಗಿದ್ದು ಕ್ಯೂಟಿ ಎಂಬ ಲೈಬ್ರರಿಯ ಮೇಲೆ. ಕೀಲಿಮಣೆಯಲ್ಲಿ ಒತ್ತಿದ್ದನ್ನು ಬೇರೆ ಬೇರೆ ಭಾಷೆಯ ಅಕ್ಷರಗಳಾಗಿ ಪ್ರೋಗ್ರಾಂಗೆ ತಲುಪಿಸಲು ಕ್ಯೂಟಿಯಲ್ಲಿ ಸಣ್ಣ ಸಣ್ಣ ಪ್ಲಗಿನ್‌ಗಳಿರುತ್ತವೆ. ಅವುಗಳ ಫೋಲ್ಡರಿನಲ್ಲಿ ಇದ್ದದ್ದು ಒಂದೇ ಫೈಲು, ಯುರೋಪಿನ ಭಾಷೆಗಳಲ್ಲಿ ಅಕ್ಷರದ ತಲೆಯ ಮೇಲೆ ಚುಕ್ಕೆ, ಗೀಟು ಕೂಡಿಸುವಂಥದ್ದು. ಉಬುಂಟುವಿನಲ್ಲಿ ಕನ್ನಡ ಬರೆಸುವ ಐಬಸ್‌ಗೆ ಬೇಕಾದ ಪ್ಲಗಿನ್ ಇರಲಿಲ್ಲ. ಗಂಟು ಕಟ್ಟಿದವರಿಗೆ ಅದರ ಅಗತ್ಯವೇ ಬಿದ್ದಿರಲಿಕ್ಕಿಲ್ಲ. ನಾನು ಕಂಪ್ಯೂಟರಿನಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಐಬಸ್ ಹೊಂದಿಸಿದ್ದರೂ ಆ ಪ್ರೋಗ್ರಾಂ ಹೊರಗೆ ನೋಡುವುದಿಲ್ಲ. ತನ್ನ ಗಂಟಿನೊಳಗಿನ ಪ್ಲಗಿನ್ ಮಾತ್ರ ಅದಕ್ಕೆ ಗೊತ್ತು.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪದೇ ಪದೇ ಕಾಣುವ ಪ್ರಶ್ನೆಯೊಂದಿದೆ. ಒಂದೇ ತಂತ್ರಾಂಶವನ್ನು ಡೆಬ್, ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್ ಎಂದು ನಾಲ್ಕು ಬಗೆಯಲ್ಲಿ ಕೊಡುತ್ತಾರಲ್ಲ, ಯಾವುದನ್ನು ಹಾಕಿಕೊಳ್ಳಬೇಕು? ಆ ಶನಿವಾರ ಲ್ಯಾಬ್‌ನಲ್ಲಿ ಕೂತಾಗ ಉತ್ತರ ಬರೆಯಲೇಬೇಕು ಅನ್ನಿಸಿತು.

ಮೊದಲು ಈ ಬಗೆಗಳು ಯಾಕೆ ಹುಟ್ಟಿದವು ನೋಡೋಣ. ಯಾವ ಪ್ರೋಗ್ರಾಮೂ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಚಿತ್ರ ತೆರೆಯಲು ಒಂದು ಲೈಬ್ರರಿ, ಅಕ್ಷರ ಜೋಡಿಸಲು ಒಂದು, ಜಾಲದ ಸಂಪರ್ಕವನ್ನು ಭದ್ರಗೊಳಿಸಲು ಇನ್ನೊಂದು, ಹೀಗೆ ಬೇರೆಯವರು ಬರೆದದ್ದನ್ನು ಬಳಸಿಕೊಳ್ಳುತ್ತದೆ. ಡಿಸ್ಕು, ಮೆಮೊರಿ ಎರಡೂ ದುಬಾರಿಯಾಗಿದ್ದ ಕಾಲದಲ್ಲಿ ಈ ಲೈಬ್ರರಿಗಳನ್ನು ಒಂದೇ ಕಡೆ ಇಟ್ಟು ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಪದ್ಧತಿ ಬಂತು. ಊರಿಗೊಂದು ಬಾವಿ ಇದ್ದಂತೆ. 1993ರಲ್ಲಿ ಶುರುವಾದ ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳು ಇದನ್ನೇ ಶಿಸ್ತಾಗಿಸಿಕೊಂಡವು. ಒಂದು ಲೈಬ್ರರಿಯ ಪ್ರತಿ ಆದಷ್ಟೂ ಒಂದೇ ಇರಬೇಕು, ಪ್ರತಿ ಪ್ರೋಗ್ರಾಂ ತನ್ನದೊಂದು ಪ್ರತಿ ಹೊತ್ತು ತರಬಾರದು ಎಂಬುದು ಡೆಬಿಯನ್‌ನ ನಿಯಮ.

ಹಂಚಿಕೊಂಡು ಬಾಳುವುದರಲ್ಲಿ ಜಗಳವೂ ಇರುತ್ತದೆ. 1990ರ ದಶಕದಲ್ಲಿ ವಿಂಡೋಸ್ ಬಳಸಿದವರಿಗೆ ನೆನಪಿರಬಹುದು. ಹೊಸ ಪ್ರೋಗ್ರಾಂ ಒಂದನ್ನು ಹಾಕಿದರೆ ಅದು ಸಿಸ್ಟಮ್ ಫೋಲ್ಡರಿನಲ್ಲಿದ್ದ ಡಿಎಲ್‌ಎಲ್ ಎಂಬ ಲೈಬ್ರರಿ ಕಡತದ ಮೇಲೆ ತನ್ನ ಪ್ರತಿಯನ್ನು ಬರೆದುಬಿಡುತ್ತಿತ್ತು. ನಿನ್ನೆಯವರೆಗೆ ಸರಿಯಾಗಿದ್ದ ಇನ್ನಾವುದೋ ಪ್ರೋಗ್ರಾಂ ಆಮೇಲೆ ತೆರೆಯುತ್ತಲೇ ಇರಲಿಲ್ಲ. ಇದಕ್ಕೆ ‘ಡಿಎಲ್‌ಎಲ್ ಹೆಲ್’ ಎಂಬ ಹೆಸರೇ ಬಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದೇ ಲೈಬ್ರರಿಯ ಹಲವು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುವ ಏರ್ಪಾಡು ಬಂದ ಮೇಲೆ ಉಸಿರಾಡುವಂತಾಯಿತು. ಮ್ಯಾಕ್‌ನವರು ಬೇರೆಯೇ ದಾರಿ ಹಿಡಿದಿದ್ದರು. ನೆಕ್ಸ್ಟ್‌ಸ್ಟೆಪ್‌ನಿಂದ ಬಂದ ಪದ್ಧತಿಯಂತೆ ಅಲ್ಲಿ ಪ್ರೋಗ್ರಾಂ ಎಂದರೆ ಒಂದು ಫೋಲ್ಡರ್, ತನಗೆ ಬೇಕಾದ್ದನ್ನು ಬಹುಪಾಲು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಎಳೆದು ಹಾಕಿದರೆ ಬಂತು, ಕಸದ ಬುಟ್ಟಿಗೆ ಎಳೆದರೆ ಹೋಯಿತು.

ಲಿನಕ್ಸ್‌ನಲ್ಲಿ ಕಷ್ಟಪಟ್ಟವರು ಮುಖ್ಯವಾಗಿ ತಂತ್ರಾಂಶ ಬರೆಯುವವರು. ಡೆಬಿಯನ್‌ಗೊಂದು ಪೊಟ್ಟಣ (ಡೆಬ್ ಎಂದರೆ ಅದೇ), ಫೆಡೋರಾಗೊಂದು, ಅವುಗಳ ಪ್ರತಿ ಆವೃತ್ತಿಗೂ ಮತ್ತೊಂದು. ಲಿನಕ್ಸ್ ಕರ್ನಲ್ ಬರೆದ ಲೀನಸ್ ಟೊರ್ವಾಲ್ಡ್ಸ್ ಅವರೇ ಈ ಗೋಳನ್ನು ಅನುಭವಿಸಿದವರು. ಸ್ಕೂಬಾ ಡೈವಿಂಗ್ ಮಾಡುವವರಿಗಾಗಿ ಅವರು ಶುರುಮಾಡಿದ ಸಬ್‌ಸರ್ಫೇಸ್ ಎಂಬ ಪ್ರೋಗ್ರಾಂ ಇದೆ. 2014ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಡೆಬಿಯನ್ ಸಮಾವೇಶದಲ್ಲಿ ಅವರು ಇದನ್ನು ಬಿಚ್ಚಿಹೇಳಿದರು. ವಿಂಡೋಸ್‌ಗೆ, ಮ್ಯಾಕ್‌ಗೆ ಸಿದ್ಧ ಕಡತ ಕೊಡುವುದು ಸುಲಭ, ಲಿನಕ್ಸ್‌ಗೆ ಕೊಡುವುದೇ ಪ್ರಯಾಸ ಎಂಬುದು ಅವರ ದೂರಿನ ತಿರುಳು. ಸಬ್‌ಸರ್ಫೇಸ್ ಆಮೇಲೆ ಆ್ಯಪ್‌ಇಮೇಜ್ ಆಗಿಯೂ ಸಿಗತೊಡಗಿತು. 2016ರಲ್ಲಿ ಉಬುಂಟು 16.04ರ ಜೊತೆ ಸ್ನ್ಯಾಪ್ ಬಂತು. ಅದೇ ವರ್ಷ, ಅದುವರೆಗೆ ಬೇರೆ ಹೆಸರಿನಲ್ಲಿದ್ದ ಯೋಜನೆ ಫ್ಲಾಟ್‌ಪ್ಯಾಕ್ ಎಂಬ ಹೆಸರು ಪಡೆಯಿತು.

ಬೇಕಾದ ಲೈಬ್ರರಿಗಳನ್ನು ಜೊತೆಗೇ ಹೊತ್ತು ತರುವ ಈ ಮೂರನ್ನೂ ನಾನು ಬುತ್ತಿ ಎನ್ನುತ್ತೇನೆ. ಹೋದ ಊರಿನಲ್ಲಿ ಅನ್ನ ಸಿಕ್ಕೀತೋ ಇಲ್ಲವೋ ಎಂಬ ಅನುಮಾನವಿದ್ದಾಗ ಮನೆಯಿಂದಲೇ ಕಟ್ಟಿಕೊಂಡು ಹೋಗುವುದು. ಬುತ್ತಿಯ ಸುಖ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಹಳೆಯ ಉಬುಂಟುವಿನ ಮೇಲೆ ಹೊಸ ಪ್ರೋಗ್ರಾಂ ನಡೆಯುತ್ತದೆ. ಒಂದರ ಲೈಬ್ರರಿ ಇನ್ನೊಂದರದ್ದನ್ನು ಕೆಡಿಸುವುದಿಲ್ಲ. ಬರೆದವರು ಪರೀಕ್ಷಿಸಿದ ಜೋಡಣೆಯೇ ನಿಮ್ಮ ಕೈಗೂ ಸಿಗುತ್ತದೆ. ಇಂಟರ್‌ನೆಟ್ ಇಲ್ಲದ ಶಾಲೆಗೆ ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಮೇಷ್ಟ್ರು ಆ್ಯಪ್‌ಇಮೇಜ್ ತಂದದ್ದು ಈ ಕಾರಣಕ್ಕೇ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ತರುತ್ತಿದ್ದೆ.

ಜಾಗ ತಿನ್ನುತ್ತದೆ ಎಂಬ ದೂರನ್ನು ಬಹಳ ಜನ ಬರೆದಿದ್ದಾರೆ. ನಿಜ. ಮೊದಲ ಫ್ಲಾಟ್‌ಪ್ಯಾಕ್ ಹಾಕುವಾಗ ಅದರ ಜೊತೆ ‘ರನ್‌ಟೈಮ್’ ಎಂಬ ಸಾಮಾನ್ಯ ಲೈಬ್ರರಿಗಳ ದೊಡ್ಡ ಗಂಟು ಇಳಿಯುತ್ತದೆ, ನೂರಾರು ಎಂಬಿ. ಎರಡನೆಯ ಪ್ರೋಗ್ರಾಂಗೂ ಅದೇ ರನ್‌ಟೈಮ್ ಸಾಕಾದರೆ ಮತ್ತೆ ಇಳಿಸಬೇಕಾಗಿಲ್ಲ. ಒಂದೇ ಬಗೆಯ ಕಡತಗಳನ್ನು ಅದು ಡಿಸ್ಕಿನಲ್ಲಿ ಒಂದೇ ಸಲ ಇಡುವುದರಿಂದ ಹೊರೆ ನಾವು ಅಂದುಕೊಂಡಷ್ಟು ಬೆಳೆಯುವುದಿಲ್ಲ. ಸ್ನ್ಯಾಪ್ ಹಿಂದಿನ ಆವೃತ್ತಿಯನ್ನೂ ಉಳಿಸಿಕೊಂಡಿರುತ್ತದೆ, ತಾನಾಗಿಯೇ ಅಪ್‌ಡೇಟ್ ಇಳಿಸುತ್ತದೆ. ಮೊಬೈಲ್ ಡೇಟಾ ಹಂಚಿಕೊಂಡು ಕೆಲಸ ಮಾಡುವವರು ಇದನ್ನು ಗಮನಿಸಬೇಕು. ಡಿಸ್ಕಿಗಿಂತ ನನಗೆ ಚಿಂತೆ ಮೆಮೊರಿಯದ್ದು. ಹಂಚಿಕೊಂಡ ಲೈಬ್ರರಿಯನ್ನು ಹತ್ತು ಪ್ರೋಗ್ರಾಂ ಬಳಸಿದರೂ ಅದರ ಬಹುಭಾಗ ಮೆಮೊರಿಯಲ್ಲಿ ಒಂದೇ ಪ್ರತಿ ಇರುತ್ತದೆ. ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ ಪ್ರೋಗ್ರಾಂಗಳು ಮಾತ್ರ ತಲಾ ಒಂದೊಂದು ಕ್ರೋಮಿಯಂ ಬ್ರೌಸರನ್ನೇ ಹೊತ್ತು ಬರುತ್ತವೆ. ಲ್ಯಾಬ್‌ನ 4 ಜಿಬಿ ಯಂತ್ರಗಳಲ್ಲಿ ಅಂಥ ಮೂರನ್ನು ಒಟ್ಟಿಗೆ ತೆರೆದರೆ ಮೌಸ್ ಕೂಡ ತಡವರಿಸುತ್ತದೆ.

ಆದರೂ ಜಾಗ, ಮೆಮೊರಿ ಎರಡಕ್ಕೂ ದುಡ್ಡಿನ ಪರಿಹಾರವಿದೆ. ದುಡ್ಡಿನಿಂದ ಪರಿಹಾರವಾಗದ್ದು ಒಂದಿದೆ, ಅದನ್ನು ನಮ್ಮ ಗಾದೆ ಹೇಳಿಬಿಟ್ಟಿದೆ: ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಹೆಚ್ಚು ದಿನ ಬಾಳುವುದಿಲ್ಲ.

2023ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ವೆಬ್‌ಪಿ ಎಂಬ ಬಗೆಯ ಚಿತ್ರಗಳನ್ನು ತೆರೆಯುವ ಲಿಬ್‌ವೆಬ್‌ಪಿ ಎಂಬ ಲೈಬ್ರರಿಯಲ್ಲಿ ದೊಡ್ಡದೊಂದು ದೋಷ ಸಿಕ್ಕಿತು. ಆ್ಯಪಲ್ ಕಂಪನಿಯ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಅದನ್ನು ವರದಿ ಮಾಡಿದ್ದವು. ಕುತಂತ್ರದಿಂದ ತಯಾರಿಸಿದ ಚಿತ್ರವೊಂದನ್ನು ತೆರೆಯುವಾಗ ಲೈಬ್ರರಿ ತನಗೆ ಮೀಸಲಾದ ಮೆಮೊರಿಯ ಗಡಿ ದಾಟಿ ಬರೆಯುತ್ತಿತ್ತು. ಅಲ್ಲಿಂದ ದಾಳಿಕೋರರು ಒಳನುಗ್ಗಬಹುದಿತ್ತು, ನುಗ್ಗುತ್ತಲೂ ಇದ್ದರು. ಬಳಕೆದಾರ ಚಿತ್ರ ನೋಡುವುದರ ಹೊರತು ಇನ್ನೇನೂ ಮಾಡಬೇಕಾಗಿರಲಿಲ್ಲ.

ಸೆಪ್ಟೆಂಬರ್ 11ಕ್ಕೆ ಕ್ರೋಮ್ ತನ್ನ ತಿದ್ದುಪಡಿ ಬಿಟ್ಟಿತು, ಮರುದಿನ ಫೈರ್‌ಫಾಕ್ಸ್. ಗೂಗಲ್ ಮೊದಲು ಈ ದೋಷವನ್ನು ಕ್ರೋಮ್‌ನ ದೋಷವೆಂದೇ ದಾಖಲಿಸಿತ್ತು. ಹಾಗಾಗಿ ಅದೇ ಲೈಬ್ರರಿಯನ್ನು ತಮ್ಮ ಬುತ್ತಿಯಲ್ಲಿ ಕಟ್ಟಿಕೊಂಡಿದ್ದ ಎಷ್ಟೋ ಮಂದಿಗೆ ಇದು ತಮಗೂ ಸಂಬಂಧಿಸಿದ್ದು ಎಂಬುದು ತಕ್ಷಣ ಹೊಳೆಯಲಿಲ್ಲ. ಡೆಬಿಯನ್, ಉಬುಂಟು ಬಳಸುವವರ ಕಂಪ್ಯೂಟರಿಗೆ ಲಿಬ್‌ವೆಬ್‌ಪಿಯ ಒಂದು ಸಣ್ಣ ಅಪ್‌ಡೇಟ್ ಬಂತು. ಅದನ್ನು ಹಂಚಿಕೊಂಡಿದ್ದ ಪ್ರೋಗ್ರಾಂಗಳೆಲ್ಲ, ಒಮ್ಮೆ ಮುಚ್ಚಿ ತೆರೆದೊಡನೆ ಸರಿಹೋದವು. ಬಾವಿಯೊಂದನ್ನು ತೊಳೆದರೆ ಊರಿಗೆಲ್ಲ ಶುದ್ಧ ನೀರು. ಬುತ್ತಿಗಳ ಕಥೆ ಬೇರೆ. ಎಲೆಕ್ಟ್ರಾನ್‌ನವರು ತಮ್ಮ ಹಲವು ಆವೃತ್ತಿಗಳಿಗೆ ತಿದ್ದುಪಡಿ ಹೊರಡಿಸಿದರು. ಅದನ್ನು ತೆಗೆದುಕೊಂಡು ಪ್ರತಿ ಪ್ರೋಗ್ರಾಂನವರೂ ತಮ್ಮ ಗಂಟನ್ನು ಹೊಸದಾಗಿ ಕಟ್ಟಬೇಕು, ಬಳಕೆದಾರರು ಅದನ್ನು ಇಳಿಸಿಕೊಳ್ಳಬೇಕು. ಗಂಟು ಕಟ್ಟಿದವರು ಕೆಲಸ ಬಿಟ್ಟು ಹೋಗಿದ್ದರೆ? ಆ ಗಂಟಿನಲ್ಲಿ ಹಳೆಯ ದೋಷ ಇವತ್ತಿಗೂ ಕೂತಿರುತ್ತದೆ. ಪ್ರೋಗ್ರಾಂ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಒಳಗೆ ಹಳಸಿದ್ದು ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಭಯ ಹುಟ್ಟಿಸುವುದು ಈ ಭಾಗ. ಅನ್ನ ಹಳಸಿದರೆ ಮೂಗಿಗಾದರೂ ತಿಳಿಯುತ್ತದೆ.

ಇದೇ ಪಾಠವನ್ನು 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಕಲಿಸಿತ್ತು. ಜಾವಾ ಪ್ರೋಗ್ರಾಂಗಳಲ್ಲಿ ದಾಖಲೆ ಬರೆದಿಡಲು ಬಳಸುವ ಲೈಬ್ರರಿ ಅದು. ಅದರಲ್ಲಿದ್ದ ದೋಷದ ಸುದ್ದಿ ಹೊರಬಿದ್ದಾಗ ಕಂಪನಿಗಳಿಗೆ ಕಷ್ಟವಾದದ್ದು ತಿದ್ದುವುದಕ್ಕಿಂತ ಹುಡುಕುವುದು. ಜಾವಾದ ಗಂಟಾದ ಜಾರ್ ಕಡತದೊಳಗೆ ಇನ್ನೊಂದು ಜಾರ್, ಅದರೊಳಗೆ ಮತ್ತೊಂದು, ಎಲ್ಲೋ ಆಳದಲ್ಲಿ ಲಾಗ್4ಜೆ. ತಮ್ಮ ಹತ್ತಿರ ಅದಿದೆಯೋ ಇಲ್ಲವೋ ಎಂದು ತಿಳಿಯಲೇ ಎಷ್ಟೋ ತಂಡಗಳು ಹಗಲಿರುಳು ಕೂತವು. ಆ ದಿನಗಳಲ್ಲಿ ಬೆಂಗಳೂರಿನ ಐಟಿ ಕಚೇರಿಗಳಲ್ಲಿದ್ದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಎಲ್ಲವನ್ನೂ ಬಾವಿಯಿಂದಲೇ ಸೇದಿ ಎಂದು ಹೇಳಲಾರೆ. ಬ್ರೌಸರನ್ನೇ ನೋಡಿ. ಫೈರ್‌ಫಾಕ್ಸ್, ಕ್ರೋಮ್ ಎರಡೂ ತಮಗೆ ಬೇಕಾದ ಬಹುಪಾಲನ್ನು ತಾವೇ ಹೊತ್ತು ತರುವ ಬುತ್ತಿಗಳೇ. ಆದರೆ ಅವುಗಳ ಹಿಂದೆ ಹಗಲಿರುಳು ದುಡಿಯುವ ತಂಡಗಳಿವೆ, ದೊಡ್ಡ ದೋಷ ಸಿಕ್ಕರೆ ಕೆಲವೇ ದಿನಗಳಲ್ಲಿ ಹೊಸ ಗಂಟು ಬರುತ್ತದೆ. ನಿಮ್ಮ ಫೋನಿನಲ್ಲಿರುವ ಆ್ಯಪ್‌ಗಳೂ ಹೆಚ್ಚುಕಡಿಮೆ ಬುತ್ತಿಗಳೇ. ಸ್ಟೋರ್ ಅವನ್ನು ಸದ್ದಿಲ್ಲದೆ ಬದಲಿಸುತ್ತಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ, ವಿತರಣೆಯವರ ಭಂಡಾರದಲ್ಲೂ ಯಾರೂ ಹೊಣೆ ಹೊರದ ಹಳೆಯ ಪೊಟ್ಟಣಗಳು ಧೂಳು ತಿನ್ನುತ್ತಿರುತ್ತವೆ. ನನ್ನ ಉತ್ತರ ಇಷ್ಟೇ: ಡೆಬ್ಬೋ ಫ್ಲಾಟ್‌ಪ್ಯಾಕೋ ಎಂದು ಕೇಳುವ ಮೊದಲು, ನಾಳೆ ಇದರೊಳಗಿನ ಒಂದು ಲೈಬ್ರರಿ ಕೆಟ್ಟರೆ ಸರಿಮಾಡಿ ಕಳಿಸುವವರು ಯಾರು ಎಂದು ಕೇಳಿಕೊಳ್ಳಿ.

ಉತ್ತರ ಹುಡುಕಲು ತಜ್ಞರಾಗಬೇಕಿಲ್ಲ. ಫ್ಲಾಟ್‌ಪ್ಯಾಕ್‌ನಲ್ಲಿ ಇದು ಎಲ್ಲಕ್ಕಿಂತ ಸುಲಭ. ರನ್‌ಟೈಮ್‌ಗಳಿಗೆ ಆಯಸ್ಸು ಗೊತ್ತುಮಾಡಿರುತ್ತಾರೆ, ಗ್ನೋಮ್‌ನದ್ದಕ್ಕೆ ಸುಮಾರು ಒಂದು ವರ್ಷ, ಫ್ರೀಡೆಸ್ಕ್‌ಟಾಪ್‌ನದ್ದಕ್ಕೆ ಸುಮಾರು ಎರಡು. ಟರ್ಮಿನಲ್‌ನಲ್ಲಿ ಅಪ್‌ಡೇಟ್ ಮಾಡುವಾಗ ಯಾವುದಾದರೂ ರನ್‌ಟೈಮ್ ‘ಎಂಡ್ ಆಫ್ ಲೈಫ್’ ಮುಟ್ಟಿದೆ ಎಂಬ ಸಾಲು ಬಂದರೆ, ಅದನ್ನು ಬಳಸುತ್ತಿರುವ ಪ್ರೋಗ್ರಾಂನ ಹೆಸರನ್ನೂ ಅದು ಹೇಳುತ್ತದೆ. ಆ ಸಾಲನ್ನು ದಾಟಿ ಹೋಗಬೇಡಿ. ಆ್ಯಪ್‌ಇಮೇಜ್‌ನಲ್ಲಿ ಇಂಥ ಎಚ್ಚರಿಕೆ ಕೊಡುವವರಿಲ್ಲ. ಇಳಿಸಿಕೊಂಡ ಜಾಗಕ್ಕೆ ನೀವೇ ಹೋಗಿ ಕೊನೆಯ ಆವೃತ್ತಿಯ ದಿನಾಂಕ ನೋಡಬೇಕು.

ಬುತ್ತಿ ಎಂದರೆ ಭದ್ರ ಎಂಬ ಇನ್ನೊಂದು ನಂಬಿಕೆಯೂ ಇದೆ. ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಎರಡೂ ಪ್ರೋಗ್ರಾಂ ಸುತ್ತ ಬೇಲಿ ಕಟ್ಟುತ್ತವೆ ಎಂಬುದು ನಿಜ. ಆ್ಯಪ್‌ಇಮೇಜ್ ತಾನಾಗಿ ಬೇಲಿ ಕಟ್ಟುವುದಿಲ್ಲ. ಬೇಲಿ ಇದ್ದಲ್ಲೂ ಎಷ್ಟೋ ಫ್ಲಾಟ್‌ಪ್ಯಾಕ್‌ಗಳು ನಿಮ್ಮ ಇಡೀ ಹೋಮ್ ಫೋಲ್ಡರ್ ನೋಡುವ ಅನುಮತಿ ಪಡೆದೇ ಬರುತ್ತವೆ. ಫ್ಲಾಟ್‌ಸೀಲ್ ಎಂಬ ಪ್ರೋಗ್ರಾಂನಲ್ಲಿ ಇವನ್ನು ನೋಡಿ ಬಿಗಿ ಮಾಡಬಹುದು. ಸ್ನ್ಯಾಪ್ ಸ್ಟೋರಿನಲ್ಲಿ ಕ್ರಿಪ್ಟೊ ವಾಲೆಟ್‌ಗಳ ಹೆಸರು ಹೊತ್ತ ನಕಲಿ ಪ್ರೋಗ್ರಾಂಗಳು ಸೇರಿಕೊಂಡು ಜನ ಹಣ ಕಳೆದುಕೊಂಡದ್ದೂ ಇದೆ. ಬೇಲಿ ಎಷ್ಟೇ ಗಟ್ಟಿಯಾಗಿರಲಿ, ಗುಟ್ಟಿನ ಪದಗಳನ್ನು ನಾವೇ ಟೈಪ್ ಮಾಡಿ ಕೊಟ್ಟರೆ ಅದು ಏನು ಮಾಡೀತು? ಕಟ್ಟಿದವರು ನಿಜವಾಗಿಯೂ ಆ ತಂತ್ರಾಂಶದವರೇ ಎಂದು ಖಚಿತಪಡಿಸಿಕೊಳ್ಳಿ. ಫ್ಲಾಟ್‌ಪ್ಯಾಕ್‌ಗಳು ಸಿಗುವ ಫ್ಲಾಟ್‌ಹಬ್‌ನಲ್ಲಿ ಹೀಗೆ ಪರಿಶೀಲಿಸಿದ ಪ್ರೋಗ್ರಾಂಗಳಿಗೆ ಒಂದು ಗುರುತು ಹಾಕಿರುತ್ತಾರೆ.

‘ಎಲ್ಲವೂ ಒಳಗೇ ಇದೆ’ ಎಂಬ ಮಾತೂ ಪೂರ್ತಿ ನಿಜವಲ್ಲ. ಉಬುಂಟು 22.04ಕ್ಕೆ ಬದಲಾದಾಗ ಹಲವರ ಆ್ಯಪ್‌ಇಮೇಜ್‌ಗಳು ತೆರೆಯದೇ ಹೋದವು. ಗಂಟನ್ನು ಬಿಚ್ಚಿ ತೋರಿಸಲು ಬೇಕಾದ ಲಿಬ್‌ಫ್ಯೂಸ್2 ಎಂಬ ಲೈಬ್ರರಿಯನ್ನು ಉಬುಂಟು ಮೊದಲೇ ಹಾಕಿ ಕೊಡುವುದನ್ನು ನಿಲ್ಲಿಸಿತ್ತು. ಬುತ್ತಿಯಲ್ಲಿ ಎಲ್ಲ ಇತ್ತು, ಗಂಟು ಬಿಚ್ಚುವ ಕೈ ಮಾತ್ರ ಊರಿನದ್ದಾಗಿತ್ತು.

ಇನ್ನು ನಮ್ಮ ಭಾಷೆಯ ವಿಷಯ. ಇದನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು, ಏಕೆಂದರೆ ಬೇರೆ ಭಾಷೆಯವರು ಬರೆದ ಲೇಖನಗಳಲ್ಲಿ ಇದು ನಿಮಗೆ ಅಷ್ಟಾಗಿ ಸಿಗುವುದಿಲ್ಲ. ಕನ್ನಡದಂಥ ಭಾಷೆಗಳಿಗೆ ಹಂಚಿಕೊಂಡ ಲೈಬ್ರರಿ ಎಂದರೆ ಹಂಚಿಕೊಂಡ ದುಡಿಮೆಯೂ ಹೌದು. ಒತ್ತಕ್ಷರ ಸರಿಯಾಗಿ ಕೂರಿಸುವ ಹಾರ್ಫ್‌ಬಜ್ ಲೈಬ್ರರಿಯಲ್ಲಿ ಒಮ್ಮೆ ತಿದ್ದಿದರೆ ಅದನ್ನು ಬಳಸುವ ಎಲ್ಲ ಪ್ರೋಗ್ರಾಂಗಳಲ್ಲೂ ಕನ್ನಡ ಸುಧಾರಿಸುತ್ತದೆ. ಐಬಸ್ ಒಮ್ಮೆ ಹೊಂದಿಸಿದರೆ ಎಲ್ಲೆಡೆ ಕನ್ನಡ ಮೂಡುತ್ತದೆ. ಬುತ್ತಿಯ ಪದ್ಧತಿಯಲ್ಲಿ ಪ್ರತಿ ಗಂಟು ಕಟ್ಟುವವರಿಗೂ ಕನ್ನಡ ನೆನಪಾಗಬೇಕು. ಲಿಬ್ರೆಆಫೀಸ್‌ನ ಆ್ಯಪ್‌ಇಮೇಜ್‌ಗಳು ಬೇಸಿಕ್, ಸ್ಟ್ಯಾಂಡರ್ಡ್, ಫುಲ್ ಎಂದು ಮೂರು ಬಗೆಯಲ್ಲಿ ಸಿಗುತ್ತವೆ. ಸ್ಟ್ಯಾಂಡರ್ಡ್‌ನಲ್ಲಿ ಆಯ್ದ ಕೆಲವು ದೊಡ್ಡ ಭಾಷೆಗಳಷ್ಟೇ. ಮೆನುಗಳು ಕನ್ನಡದಲ್ಲಿ ಬೇಕೆಂದರೆ ಫುಲ್ ಅನ್ನೇ ಇಳಿಸಬೇಕು. ಫ್ಲಾಟ್‌ಪ್ಯಾಕ್ ನಿಮ್ಮ ಸಿಸ್ಟಮ್‌ನ ಭಾಷೆ ಯಾವುದೋ ಅದರ ಅನುವಾದಗಳನ್ನು ಮಾತ್ರ ಇಳಿಸುತ್ತದೆ. ಸಿಸ್ಟಮ್ ಇಂಗ್ಲಿಷ್‌ನಲ್ಲಿದ್ದರೆ, ಸ್ವಯಂಸೇವಕರು ರಾತ್ರಿಯೆಲ್ಲ ಕೂತು ಮಾಡಿದ ಕನ್ನಡ ಅನುವಾದ ನಿಮ್ಮ ಡಿಸ್ಕಿಗೆ ಬರುವುದೇ ಇಲ್ಲ. ಫ್ಲಾಟ್‌ಪ್ಯಾಕ್‌ನ ಭಾಷಾ ಪಟ್ಟಿಗೆ ಕನ್ನಡವನ್ನೂ ಸೇರಿಸಿ ಮತ್ತೊಮ್ಮೆ ಅಪ್‌ಡೇಟ್ ಮಾಡಿ, ಬರುತ್ತದೆ.

ಲ್ಯಾಬ್‌ಗೆ ಮರಳೋಣ. ಆ ಚಿತ್ರದ ಪ್ರೋಗ್ರಾಂ ಉಬುಂಟುವಿನ ಭಂಡಾರದಲ್ಲೂ ಇತ್ತು, ಒಂದೂವರೆ ವರ್ಷ ಹಳೆಯ ಆವೃತ್ತಿ. ಮೇಷ್ಟ್ರಿಗೆ ತೋರಿಸಿದೆ. ಹೊಸದರಲ್ಲಿದ್ದ ಎರಡು ಬ್ರಷ್‌ಗಳು ಇದರಲ್ಲಿರಲಿಲ್ಲ. "ಬ್ರಷ್ ಇಲ್ದಿದ್ರೂ ಪರವಾಗಿಲ್ಲ ಸರ್, ಹೆಸರು ಕನ್ನಡದಲ್ಲಿ ಬರ್ಲಿ" ಅಂದರು. ಹನ್ನೆರಡಕ್ಕೂ ಅದನ್ನೇ ಹಾಕಿದೆವು. ಹುಡುಗಿ ಮೊದಲು ಶಲಾಕೆ ಬರೆದಳು, ಆಮೇಲೆ ಕೇಸರ, ಪುಷ್ಪದಳ. ಪುಷ್ಪದಳದ ಷಕಾರಕ್ಕೆ ಪಕಾರದ ಒತ್ತು ಸರಿಯಾಗಿ ಕೂತಿದೆಯಾ ಎಂದು ಪರದೆಗೆ ಮುಖ ಹತ್ತಿರ ತಂದು ನೋಡಿದಳು. ಬಿಟ್ಟುಹೋದ ಪ್ಲಗಿನ್ ಬಗ್ಗೆ ಗಂಟು ಕಟ್ಟಿದವರಿಗೆ ನಾನು ಬರೆದಿದ್ದೇನೆ. ಮುಂದಿನ ಸಲ ಸೇರಿಸುತ್ತೇವೆ ಎಂದು ಉತ್ತರಿಸಿದ್ದಾರೆ.

ಲ್ಯಾಬ್‌ನಲ್ಲಿ ಇನ್ನೂ ಮೂರು ಆ್ಯಪ್‌ಇಮೇಜ್‌ಗಳಿದ್ದವು. ಮೇಷ್ಟ್ರು ಲ್ಯಾಬ್‌ನ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು ಅವುಗಳ ಹೆಸರು, ಇಳಿಸಿದ ದಿನ, ಕಟ್ಟಿದವರ ಕೊನೆಯ ಆವೃತ್ತಿಯ ದಿನ ಬರೆದುಕೊಂಡರು. ಪ್ರತಿ ತಿಂಗಳ ಮೊದಲ ಶನಿವಾರ ನೋಡುತ್ತೇನೆ ಎಂದರು. ಮೊನ್ನೆ ಫೋನ್ ಮಾಡಿದ್ದರು. ಒಂದಕ್ಕೆ ಹೊಸ ಆವೃತ್ತಿ ಬಂದಿದೆ, ಹಾಕಿದ್ದಾರೆ. ಇನ್ನೊಂದು ಮೂರು ವರ್ಷದಿಂದ ಹಾಗೇ ಇದೆ, ತೆಗೆದುಬಿಟ್ಟಿದ್ದಾರೆ. ಮೂರನೆಯದೂ ಹಳೆಯದೇ, ಆದರೆ ಕಳೆದ ವರ್ಷದ ಮಕ್ಕಳ ಚಿತ್ರಗಳು ಅದರಲ್ಲಿ ಮಾತ್ರ ತೆರೆಯುತ್ತವೆ. ಅದನ್ನು ನೆಟ್ ಸಂಪರ್ಕ ಕೊಡದ ಒಂದು ಯಂತ್ರದಲ್ಲಿ ಇಟ್ಟುಕೊಂಡಿದ್ದಾರೆ.